ಬೇವಿನ ಎಲಿ ಬೀಳ್ತಾವ ಅಂತ ನಾ ಸಹಿ ಮಾಡಂಗಿಲ್ಲ

ನಮ್ಮ ಓಣಿಯೊಳಗ ಒಂದು ಅರ್ಜಿ ಮನಿಯಿಂದ ಮನಿಗೆ ತಿರಗಲಿಕ್ಕೆ ಹತ್ತಿ ಎಂಟು ದಿವಸ ಆತು. ಮೂಲಿ ಮನಿ ಕಂಪೌಂಡಿನ ಬೇವಿನ ಗಿಡ ಕಡೀಲಿಕ್ಕೆ ಪರವಾನಗಿ ಕೊಡ್ರಿ ಅಂತ ಬರದಾರ. ಕೆಳಗ ಹನ್ನೊಂದು ಸಹಿ ಆಗ್ಯಾವ, ಹನ್ನೊಂದೂ ಹೆಣ್ಮಕ್ಕಳವು. ಅರ್ಜಿ ಬರದವರು ಗಂಡಸರು, ಗಿಡ ಕಡಸವ್ರು ಗಂಡಸರು, ಕಾರ್ ನಿಂದ್ರಸಲಿಕ್ಕೆ ಜಾಗಾ ಬೇಕಾದವರೂ ಅವರ. ಆದ್ರ ಸಹಿ ಮಾತ್ರ ನಮ್ಮವು ಬೇಕು. ಯಾಕಂದ್ರ "ಮಹಿಳೆಯರಿಗೆ ಹಾಗೂ ವೃದ್ಧರಿಗೆ ತೀವ್ರ ತೊಂದರೆಯಾಗುತ್ತಿದೆ" ಅಂತ ಬರದ್ರ ಸಾಹೇಬರ ಮನಸ್ಸು ಲಗೂನ ಕರಗತದಂತ.

ನನ್ನ ಹತ್ರನೂ ಬಂದಿತ್ತು. ಸಹಿ ಮಾಡಲಿಲ್ಲ. ಆವತ್ತಿನಿಂದ ನಾಕು ಮಂದಿ ಮುಖಾ ತಿರಗಿಸ್ಕೊಂಡು ಅಡ್ಡಾಡ್ತಾರ. "ಈಕೀಗೇನು, ಈಕಿ ಮನಿ ಮುಂದ ಎಲಿ ಬೀಳಂಗಿಲ್ಲ" ಅಂತ ಒಬ್ಬಾಕಿ ಅಂದಳಂತ. ಬೀಳ್ತಾವ ಅಕ್ಕಾ, ಗಾಳಿ ಪಡವಲ ದಿಕ್ಕಿನಿಂದ ಬಂದ್ರ ಎಲ್ಲಾ ನಮ್ಮ ಕಟ್ಟಿಗೇ ಬೀಳ್ತಾವ. ಎದುರಾಎದುರು ನಿಂತು ಜಗಳಾ ಮಾಡೂದು ನನ್ನ ಕಡೆ ಆಗಂಗಿಲ್ಲ, ಅದಕ್ಕ ಇಲ್ಲೆ ಬರೀತೇನಿ. ಸಿಟ್ಟಿಲ್ಲ ಅಂತ ಸುಳ್ಳ ಹೇಳಂಗಿಲ್ಲ. ಸಿಟ್ಟು ಅದ.

ಮೊದಲ ಆ ಅರ್ಜಿಯೊಳಗಿನ ಒಂದು ಶಬ್ದ ನೋಡ್ರಿ. "ಸದರಿ ಮರವು ಅಪಾಯಕಾರಿ ಸ್ಥಿತಿಯಲ್ಲಿದ್ದು." ಈ "ಅಪಾಯ" ಎಲ್ಲಿಂದ ಬಂತು? ನೀವು ಯಾರೂ ಇಷ್ಟು ದಿವಸ ಹಂಗ ಅಂದಿದ್ದಿಲ್ಲ. ಎಲಿ ಅಂದ್ರಿ, ಕಸಾ ಅಂದ್ರಿ, ಹಕ್ಕಿ ಪಿಚಕಿ ಕಾರ್ ಮ್ಯಾಲೆ ಬೀಳ್ತದ ಅಂದ್ರಿ. ಅಪಾಯ ಅಂತ ಅರ್ಜಿ ಬರದಾಂವ ಹಾಕ್ಯಾನ, ಯಾಕಂದ್ರ ಅಂವಗ ಕಾಯ್ದೆ ಗೊತ್ತದ. ನಮಗ ಗೊತ್ತಿಲ್ಲ, ಅಷ್ಟ ಫರಕು.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ 1976ರಾಗ ಆಗ್ಯದ. ಅದರ ಪ್ರಕಾರ ಗಿಡ ನಿಮ್ಮ ಸ್ವಂತ ಜಾಗಾದಾಗ ಇದ್ದರೂ, ನಿಮ್ಮ ಅಜ್ಜನ ಕೈಲೆ ಹಚ್ಚಿದ್ದಿದ್ದರೂ, ವೃಕ್ಷ ಅಧಿಕಾರಿ ಪರವಾನಗಿ ಇಲ್ಲದ ಕಡೀಲಿಕ್ಕೆ ಬರಂಗಿಲ್ಲ. ವೃಕ್ಷ ಅಧಿಕಾರಿ ಅಂದ್ರ ಅರಣ್ಯ ಇಲಾಖೆಯ ಅಧಿಕಾರಿ. ಕಡಿಯೂದು ಅಂದ್ರ ಬುಡಕ್ಕ ಗರಗಸಾ ಹಚ್ಚೂದಷ್ಟ ಅಲ್ಲ. ಸುತ್ತಲೂ ತೊಗಟಿ ಸುಲದು ಒಣಗಸೂದು, ಬುಡಕ್ಕ ಬೆಂಕಿ ಹಚ್ಚೂದು, ವಿಷಾ ಹಾಕೂದು, ಇವೂ ಕಡದಂಗ ಅಂತ ಕಾಯ್ದೆ ಹೇಳ್ತದ. ರಾತ್ರಿ ಆ್ಯಸಿಡ್ ಸುರದು "ತಾನ ಒಣಗೇದ ನೋಡ್ರಿ" ಅನ್ನೂ ಮಂದಿ ಇದ್ದದ್ದಕ್ಕ ಹಂಗ ಬರದಾರ. ತಪ್ಪಿದ್ರ ದಂಡನೂ ಅದ, ಜೈಲೂ ಅದ.

ಇನ್ನ ಪರವಾನಗಿ ಯಾವಾಗ ಕೊಡ್ತಾರ? ಅದೂ ಅದರಾಗ ಬರದಾರ. ಗಿಡ ಸತ್ತಿದ್ರ, ರೋಗ ಬಿದ್ದಿದ್ರ, ಗಾಳಿಗೆ ಉರುಳಿದ್ರ, ಬಲತು ಕಟಾವಿಗೆ ಬಂದಿದ್ರ, ಸಿಡಲು ಬೆಂಕಿಯಿಂದ ಹಾಳಾಗಿದ್ರ, ರಸ್ತಾದ ಮ್ಯಾಲೆ ಗಾಡಿ ಅಡ್ಡಾಡಲಿಕ್ಕೆ ಅಡ್ಡ ಆಗಿದ್ರ, ಜೀವಕ್ಕ ಆಸ್ತಿಗೆ ಅಪಾಯ ಇದ್ರ. ಹಳ್ಳಿ ಕಡೆ ಆದ್ರ ಉರುವಲಕ್ಕ, ದನದ ಮೇವಿಗೆ, ಒಕ್ಕಲುತನದ ಸಾಮಾನಿಗೆ ಬೇಕಂದ್ರೂ ಕೊಡ್ತಾರ. ಈ ಇಡೀ ಪಟ್ಟಿಯೊಳಗ ಎಲ್ಲೆರೆ "ಎಲಿ ಬೀಳ್ತಾವ" ಅಂತ ಅದ ಏನು? "ಇನ್ನೊಂದು ಕಾರ್ ತೊಗೊಂಡೇವಿ" ಅಂತ ಅದ ಏನು? ಇಲ್ಲ. ಅದಕ್ಕ "ಅಪಾಯ" ಬಂತು. ಇದ್ದದ್ದು ಇದ್ದಂಗ ಬರದಿದ್ರ ಅರ್ಜಿ ಅಲ್ಲೇ ಬೀಳ್ತಿತ್ತು.

ಅಂದಮ್ಯಾಲೆ ನೀವು ಸಹಿ ಮಾಡಿದ್ದು ಎಲಿ ಕಸದ ಬಗ್ಗೆ ಅಲ್ಲ. ಚಂದಾಗಿರೂ ಗಿಡಾನ ಬೀಳೂ ಗಿಡ ಅಂತ ಸರ್ಕಾರಕ್ಕ ಬರದುಕೊಟ್ಟೀರಿ. ಇದು ಸುಳ್ಳು ಸಾಕ್ಷಿ. ಕಟುವಾಗಿ ಹೇಳಿದೆ ಅನಸಬಹುದು. ಆದ್ರ ಇದನ್ನ ಬ್ಯಾರೆ ಹೆಂಗ ಹೇಳಬೇಕು ನೀವ ಹೇಳ್ರಿ.

ಖರೇನ ಅಪಾಯ ಇದ್ರ ಮೊದಲ ಸಹಿ ನನ್ನದ. ಬೊಡ್ಡಿ ಒಳಗ ಪೊಳ್ಳಾಗಿ ಬಡದ್ರ ಡಬ್ ಡಬ್ ಅಂದ್ರ, ಬುಡಕ್ಕ ನಾಯಿಕೊಡಿ ಎದ್ದಿದ್ರ, ಒಂದ ಮಳಿಗಾಲದಾಗ ಗಿಡ ಒಂದು ಕಡೆ ವಾಲಿ ಹಿಂದಿನ ಮಣ್ಣು ಬಿರಕು ಬಿಟ್ಟು ಎದ್ದಿದ್ರ, ದಪ್ಪ ಟೊಂಗಿ ಒಣಗಿ ದಾರಿ ಮ್ಯಾಲೆ ಜೋತಿದ್ರ, ಆವಾಗ ಕೂಡಬಾರದು. ಮನುಷ್ಯಾರ ಜೀವಕ್ಕಿಂತ ಗಿಡ ದೊಡ್ಡದಲ್ಲ. ಆದ್ರ ಈ ಬೇವಿಗೆ ಇದ್ಯಾವುದೂ ಇಲ್ಲ. ನಾ ಎರಡು ಸರತೆ ಹೋಗಿ ಸುತ್ತ ಹಾಕಿ ನೋಡಿ ಬಂದೇನಿ. ಇರೂದು ಒಂದ: ಬುಡದ ತನಕಾ ಸಿಮೆಂಟ್ ಬಳದು ಫರಸಿ ಹಾಕಿದ್ದಕ್ಕ, ಬೇರಿಗೆ ಬ್ಯಾರೆ ದಾರಿ ಇಲ್ಲದ ಕಂಪೌಂಡ್ ಗ್ವಾಡಿ ಒಂದು ಕಡೆ ಸೀಳೇದ. ಕುತಗಿ ಹಿಸಕಿ ಹಿಡದು, ಒದ್ದಾಡ್ತದ ನೋಡ್ರಿ ಅಂದಂಗ ಆತು ಇದು.

ಈಗ ಕಸದ ಮಾತಿಗೆ ಬರೂಣು, ಯಾಕಂದ್ರ ನಮ್ಮ ಹೆಣ್ಮಕ್ಕಳಿಗೆ ಖರೇ ತ್ರಾಸು ಅದರದ್ದ. ಅದನ್ನ ಹಗರ ಮಾಡಂಗಿಲ್ಲ. ಬೆಳಿಗ್ಗೆ ಅಂಗಳಾ ಹೊಡದು, ಥಳಿ ಹಾಕಿ, ರಂಗೋಲಿ ಹಾಕಿ ಒಳಗ ಹೋಗಿ ಚಹಾ ಕುಡದು ಬರೂದರಾಗ ರಂಗೋಲಿ ಮ್ಯಾಲೆ ಎಲಿ. ಮತ್ತ ಕಸಬರಿಗಿ. ಟೊಂಕಾ ಹಿಡದವರಿಗೆ, ಮೊಣಕಾಲು ನೋವಿದ್ದವರಿಗೆ ಇದು ಸಣ್ಣ ಮಾತಲ್ಲ. ಆದ್ರ ಲೆಕ್ಕಾ ಮಾಡ್ರಿ. ಬೇವಿನ ಗಿಡ ವರ್ಷಾ ಪೂರ್ತಿ ಎಲಿ ಉದರಸಂಗಿಲ್ಲ. ಶಿವರಾತ್ರಿ ಆಜೂಬಾಜು ಹಳದಿ ಆಗಿ ಉದರಲಿಕ್ಕೆ ಹತ್ತತದ, ಯುಗಾದಿ ಬರೂದರೊಳಗ ತಾಂಬರದಂಥಾ ಚಿಗುರು, ಅದರ ಬೆನ್ನಿಗೆ ಹೂವು. ಜೋರು ಉದರೂದು ನಾಕಾರು ವಾರ. ಉಳದ ದಿವಸ ಬೀಳೂದು ಒಂದು ಮರದ ತುಂಬ, ಅಷ್ಟ. ಬ್ಯಾಸಗಿ ಕಡೀಕ ಹಣ್ಣು ಬೀಳ್ತಾವ, ಅದೊಂದು ಹದಿನೈದು ದಿವಸ ಅಂಟಂಟ ಆಗ್ತದ, ಒಪ್ಪತೇನಿ.

ಆ ಎಲಿ ನಾವು ಏನ್ ಮಾಡ್ತೇವಿ? ಗುಡ್ಡಿ ಹಾಕಿ ಬೆಂಕಿ ಹಚ್ಚತೇವಿ. ಹೊಗಿ ಒಳಗ ಬಂದು ಒಗದ ಬಟ್ಟಿ ಎಲ್ಲಾ ನಾತಾ. ಆಮ್ಯಾಲೆ ಕುಂಡಿ ಗಿಡಕ್ಕ ಹಾಕಲಿಕ್ಕೆ ಗೊಬ್ಬರ ಅಂತ ಪ್ಯಾಟಿಗೆ ಹೋಗಿ ಚೀಲ ತರತೇವಿ, ಅದರ ಮ್ಯಾಲೆ "ಬೇವಿನ ಹಿಂಡಿ ಬೆರಸಿದ್ದು" ಅಂತ ಬರದಿರತದ. ನಮ್ಮ ಅತ್ತಿಯವರು ಹಿತ್ತಲ ಮೂಲ್ಯಾಗ ತೆಗ್ಗು ತೋಡಿ, ಎಲಿ ಹಾಕಿ, ಅದರ ಮ್ಯಾಲೆ ಶಗಣಿ ನೀರು ಹೊಡದು, ಮಣ್ಣು ಮುಚ್ಚಿ ಬಿಡ್ತಿದ್ರು. ಮಳಿಗಾಲಕ್ಕ ಕರೀ ಗೊಬ್ಬರ. ಅವರಿಗೂ ಮೊಣಕಾಲು ನೋವು ಇತ್ತು. ಫರಕು ಏನಂದ್ರ ಅವರ ಮನ್ಯಾಗ ಕಸಬರಿಗಿ ಹಿಡಿಯೂ ಕೈ ಆರಿದ್ದವು. ಈಗ ಮನಿಗೆ ಎರಡ ಕೈ, ಅವೂ ನಮ್ಮವ. ಕಸಾ ಹೊಡಿಯೂದು ಬಗ್ಗೆ ಅರ್ಜಿ ಬರೀಬೇಕಂದ್ರ ಮನ್ಯಾಗಿನ ಗಂಡಸರಿಗೆ ಬರೀರಿ. ಕಾರ್ ಒರಸಲಿಕ್ಕೆ ದಿನಾ ಮುಂಜಾನೆ ಅರ್ಧಾ ತಾಸು ಸಿಗತದ ಅಂದ್ರ, ನಾಕು ವಾರ ಅಂಗಳಾ ಹೊಡೀಲಿಕ್ಕೂ ಸಿಗತದ.

ಮತ್ತ ಆ ಗಿಡದಿಂದ ಏನ್ ಬರ್ತದ ಅನ್ನೂದನ್ನ ಯಾರೂ ಲೆಕ್ಕಾ ಹಾಕಿಲ್ಲ. ಯುಗಾದಿಗೆ ಬೇವಿನ ಹೂವು ಎಲ್ಲಿಂದ ತರತೀರಿ? ಹನ್ನೊಂದೂ ಮನ್ಯಾಗ ಅದ ಗಿಡದ್ದ. ಜ್ವಾಳದ ಚೀಲದಾಗ, ತೊಗರಿಬ್ಯಾಳಿ ಡಬ್ಬಿಯೊಳಗ ಹಾಕೂ ಒಣಾ ಎಲಿ ಅದರದ್ದ. ಬಾಣಂತಿ ಎರೀಲಿಕ್ಕೆ ನೀರಿಗೆ ಹಾಕೂ ಎಲಿ ಅದರದ್ದ. ಏಪ್ರಿಲ್‌ದಾಗ ಸಾಲಿ ಬಸ್ಸಿಗೆ ಹುಡುಗರು ನಿಂದ್ರೂದು ಅದರ ಕೆಳಗ. ಕಾಯಿಪಲ್ಯಾದಾಕಿ ಬುಟ್ಟಿ ಇಳಸೂದು ಅದರ ಕೆಳಗ. ಗಿಡ ಹೋದ್ರ ಆಕಿ ಆ ಬಿಸಲಾಗ ಕೂಡಂಗಿಲ್ಲ, ಮುಂದಿನ ಓಣಿಗೆ ಹೋಗ್ತಾಳ. ಆಮ್ಯಾಲೆ ಕೊತ್ತಂಬರಿ ಒಂದು ಸೂಡಿಗೆ ನೀವು ಸ್ಕೂಟಿ ತಗೀಬೇಕು.

"ನಮ್ಮ ಜಾಗಾ, ನಮ್ಮ ಗಿಡಾ, ಸರ್ಕಾರದವ್ರು ಯಾರು ಕೇಳಲಿಕ್ಕೆ?" ಇದು ಎರಡನೇ ಮಾತು. ಇದಕ್ಕ ಒಂದು ಚಲೋ ಆಧಾರ ಅದ, ಅದನ್ನ ನಾನ ಹೇಳಿಬಿಡತೇನಿ. ಗಂಧದ ಗಿಡದ ಕಥಿ. ಭಾಳ ವರ್ಷದ ತನಕಾ ನಮ್ಮ ರಾಜ್ಯದಾಗ ನಿಮ್ಮ ಹಿತ್ತಲದಾಗ ತಾನ ಹುಟ್ಟಿದ ಗಂಧದ ಗಿಡ ಸುದ್ದಾ ನಿಮ್ಮದಲ್ಲ, ಸರ್ಕಾರದ್ದು. ಕಳ್ಳರು ಕಡದ್ರ ನೀವ ಜವಾಬು ಕೊಡಬೇಕು. ಏನಾತು? ಮಂದಿ ಗಂಧದ ಸಸಿ ಕಂಡ ಕೂಡ್ಲೆ ಕಿತ್ತಿ ಒಗೀಲಿಕ್ಕೆ ಹತ್ತಿದ್ರು. ಕಡೀಕ 2001ರಾಗ ಅರಣ್ಯ ಕಾಯ್ದೆ ತಿದ್ದುಪಡಿ ಮಾಡಿ, ಯಾರ ಜಾಗಾದಾಗ ಅದನೋ ಗಂಧದ ಗಿಡ ಅವರದ್ದ ಅಂತ ಮಾಡಿದ್ರು. ಕಡೀಲಿಕ್ಕೆ ಮಾತ್ರ ಇವತ್ತೂ ಪರವಾನಗಿ ಬೇಕು. ಅಂದ್ರ, ರೂಲು ಅತಿ ಬಿಗಿ ಆದ್ರ ಮಂದಿ ಗಿಡಾನ ವೈರಿ ಅಂತ ನೋಡ್ತಾರ ಅನ್ನೂದು ಖರೇ ಅದ.

ಆದ್ರ ಆ ಮಾತು ಬೇವಿಗೆ ಹೊಂದಂಗಿಲ್ಲ. ಬೇವು ನಿಮ್ಮದ. ಹೂವು ನಿಮ್ಮದು, ಎಲಿ ನಿಮ್ಮದು, ಪರವಾನಗಿ ತೊಗೊಂಡು ಕಡದ್ರ ಕಟ್ಟಿಗಿನೂ ನಿಮ್ಮದು. ಸರ್ಕಾರ ಕೇಳೂದು ಇಷ್ಟ: ಕಡಿಯೂ ಮೊದಲು ಕಾರಣ ಹೇಳ್ರಿ. ಮಹಡಿ ಮ್ಯಾಲೆ ಇನ್ನೊಂದು ಮಹಡಿ ಏರಸಬೇಕಂದ್ರ ನಕಾಶಿ ಹಿಡಕೊಂಡು ತಿಂಗಳಗಟ್ಟಲೆ ಅಡ್ಡಾಡ್ತೀರಿ, ಅದು ನಿಮ್ಮ ಜಾಗಾನ ಅಲ್ಲೇನು? ಅಲ್ಲೆ "ಸರ್ಕಾರ ಯಾರು" ಅಂತ ಯಾರೂ ಕೇಳಂಗಿಲ್ಲ. ಮತ್ತ ಎಲ್ಲಾ ಗಿಡಕ್ಕೂ ಈ ರೂಲು ಇಲ್ಲ. ತೆಂಗು, ನೀಲಗಿರಿ, ಸರವಿ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ರಬ್ಬರ್, ಇಂಥಾವಕ್ಕ ಪರವಾನಗಿ ಬ್ಯಾಡ ಅಂತ ಅದ ಕಾಯ್ದೆಯೊಳಗ ಬಿಟ್ಟಾರ. ಲಗೂ ಬೆಳದು ಲಗೂ ಕಡಿಯೂ ಗಿಡಕ್ಕ ಬ್ಯಾರೆ, ಎರಡು ತಲಿಮಾರು ಹಿಡದು ಬೆಳಿಯೂ ಗಿಡಕ್ಕ ಬ್ಯಾರೆ. ಇದರಾಗ ಅನ್ಯಾಯ ಏನದ?

ಮೂರನೇ ಮಾತು ನನಗೂ ಚುಚ್ಚತದ. "ಹುಬ್ಬಳ್ಳಿ–ಧಾರವಾಡ ನಡುವ ಬಿಆರ್‌ಟಿಎಸ್ ರಸ್ತಾ ಮಾಡುವಾಗ ಎಷ್ಟು ಗಿಡ ಉರಳಸಿದ್ರು, ಆವಾಗ ಯಾವ ಕಾಯ್ದೆ ಬಂತು? ನಮ್ಮ ಒಂದು ಬೇವಿಗೆ ಅಷ್ಟ ರೂಲು?" ಅಂತ ಒಬ್ಬ ವೈನಿ ಕೇಳಿದ್ರು. ಖರೇ ಅದ ವೈನಿ. ಆ ದಾರಿ ಮ್ಯಾಲೆ ನವಲೂರು ಕಡೆ ನೆರಳಾಗ ಬಸ್ಸಿಗೆ ಹೋಗಿ ಬಂದವರು ನಾವೆಲ್ಲಾ. ಈಗ ಬಸ್ಸಿಗೆ ಏ.ಸಿ. ಅದ, ದಾರಿಗೆ ನೆರಳಿಲ್ಲ. ದೊಡ್ಡ ಯೋಜನಾ ಅಂದ ಕೂಡ್ಲೆ ಪರವಾನಗಿ ಸರಸರ ಬರ್ತಾವ, ಮುದುಕಿ ಹಿತ್ತಲದ ಹುಣಸಿ ಟೊಂಗಿಗೆ ಮಾತ್ರ ಹತ್ತು ಸರತೆ ಆಫೀಸಿಗೆ ಅಡ್ಡಾಡಬೇಕು. ಈ ಸಿಟ್ಟು ನ್ಯಾಯದ್ದ.

ಆದ್ರ ಅದಕ್ಕ ಉತ್ತರ ನಮ್ಮ ಬೇವನ್ನೂ ಕಡಿಯೂದೇನು? ನೆರಿಮನ್ಯಾಗ ಕಳವು ಆತು, ಕಳ್ಳ ಸಿಗಲಿಲ್ಲ ಅಂತ ನಮ್ಮ ಮನಿ ಬಾಗಲಾನೂ ತಗದು ಇಟ್ಟಂಗ ಆತು. ಅದ ಕಾಯ್ದೆಯೊಳಗ, 50ಕ್ಕಿಂತ ಹೆಚ್ಚು ಗಿಡ ಕಡಿಯೂದಿದ್ರ ಸಾರ್ವಜನಿಕ ಪ್ರಕಟಣೆ ಕೊಟ್ಟು ಮಂದಿಯ ಆಕ್ಷೇಪಣೆ ಕೇಳಬೇಕು ಅಂತ ಅದ. ಬೆಂಗಳೂರಾಗ ಮೆಟ್ರೊ ಕಾಲಕ್ಕ ಓಣಿ ಮಂದಿ ಅದ ಹಿಡಕೊಂಡು ಹೈಕೋರ್ಟ್ ತನಕಾ ಹೋದ್ರು. ನಮಗ ಅದು ಗೊತ್ತಿಲ್ಲ, ಪ್ರಕಟಣೆ ಬಂದದ್ದೂ ಗೊತ್ತಾಗಂಗಿಲ್ಲ, ರಾಶಿಫಲದ ಕೆಳಗ ಸಣ್ಣ ಅಕ್ಷರದಾಗ ಇರತದ. ಸಾಲುಮರದ ತಿಮ್ಮಕ್ಕನ ಹೆಸರು ಎಲ್ಲಾರಿಗೂ ಗೊತ್ತದ, ಹುಲಿಕಲ್ಲಿಂದ ಕುದೂರಿನ ತನಕಾ 385 ಆಲದ ಗಿಡ ಬೆಳಸಿದಾಕಿ. 2019ರಾಗ ಆಕಿಗೆ ಪದ್ಮಶ್ರೀ ಕೊಟ್ರು. ಅದ ವರ್ಷ ಬಾಗೇಪಲ್ಲಿ–ಹಲಗೂರು ರಸ್ತಾ ಅಗಲ ಮಾಡೂ ಕೆಲಸದಾಗ ಆಕಿ ಗಿಡಕ್ಕ ಕುತ್ತು ಬಂತು. ಪದ್ಮಶ್ರೀ ತೊಗೊಂಡ ಮುದುಕಿ ಸ್ವತಃ ಮುಖ್ಯಮಂತ್ರಿ ಹತ್ರ ಹೋಗಿ "ನನ್ನ ಗಿಡ ಉಳಸ್ರಿ" ಅಂತ ಕೇಳಬೇಕಾತು. ಕೇಳಿದ್ದಕ್ಕ ಬ್ಯಾರೆ ದಾರಿ ನೋಡ್ತೇವಿ ಅಂದ್ರು. ಆಕಿನೂ ಸುಮ್ಮ ಕೂತಿದ್ರ?

ಸಿರಸಿ ಸೀಮಿ ಏನು ದೂರ ಇಲ್ಲ ನಮಗ. 1983ರ ಸೆಪ್ಟೆಂಬರ್‌ದಾಗ ಸಾಲ್ಕಣಿ ಮಂದಿ, ಅವರೊಳಗ ಹೆಣ್ಮಕ್ಕಳೂ, ಅಡವ್ಯಾಗ ಹೋಗಿ ಗಿಡ ತಬ್ಬಿಕೊಂಡು ನಿಂತ್ರು. ಅದಕ್ಕ ಅಪ್ಪಿಕೋ ಅಂತ ಹೆಸರಾತು. ಅವರಿಗೆ ಎಲಿ ಅಂದ್ರ ಕಸಾ ಅಲ್ಲ, ಅಡಕಿ ತ್ವಾಟಕ್ಕ ಸೊಪ್ಪು. ನಿಮಗ ತಬ್ಬಿಕೋರಿ ಅಂತ ನಾ ಹೇಳ್ಳಿಕ್ಕತ್ತಿಲ್ಲ. ಪೆನ್ನು ಕೆಳಗ ಇಡ್ರಿ ಅಂತೇನಿ, ಅಷ್ಟ.

"ಒಂದು ಕಡದ್ರ ಹತ್ತು ಹಚ್ಚತೇವಿ" ಅಂತ ಅರ್ಜಿ ಕಡೀ ಸಾಲಿನ್ಯಾಗ ಬರದಾರ. ಬದಲಿ ಗಿಡ ಹಚ್ಚೂದು ಇವರ ಉಪಕಾರ ಅಲ್ಲ, ಕಾಯ್ದೆನ ಹಚ್ಚಬೇಕು ಅಂತದ. ಎಲ್ಲೆ ಹಚ್ಚತಾರ? ಗಿಡ ಇದ್ದಲ್ಲೆ ಕಾರ್ ನಿಂದ್ರತದ. ಹಿತ್ತಲದಾಗ ಬೋರ್, ಟಾಕಿ, ಬಾಡಗಿ ಮನಿ. ಅಂದ್ರ ಹತ್ತು ಕುಂಡಿಯೊಳಗ ಹತ್ತು ಕ್ರೋಟನ್. ಹತ್ತು ಕೂಸು ಕೂಡಿಸಿದ್ರ ಒಬ್ಬ ಅಜ್ಜಿ ಆಗಂಗಿಲ್ಲ. ಸಸಿ ಹಚ್ಚಿ ಫೋಟೊ ತಗಸ್ಕೊಂಡ ಮ್ಯಾಲೆ ಎರಡು ಬ್ಯಾಸಗಿ ನೀರು ಹಾಕಿದವರು ನಮ್ಮ ಓಣಿಯೊಳಗ ಯಾರಿದ್ದಾರ? ಪರಿಸರ ದಿನಾಚರಣಿಗೆ ಹಚ್ಚಿದ್ದು ಪಂಜರ ಅಷ್ಟ ಉಳದಾವ, ಅದರೊಳಗ ಕುರಕುರೆ ಪಾಕೀಟು ಬೆಳದಾವ.

ಸವಣೂರಿನ ದೊಡ್ಡಹುಣಸೆ ಮಠದ ಗಿಡ ನೋಡಿದವರು ನಮ್ಮೊಳಗ ಭಾಳ ಮಂದಿ ಇದ್ದೀರಿ. ಹೆಸರಿಗೆ ದೊಡ್ಡ ಹುಣಸಿ, ಜಾತಿ ಆಫ್ರಿಕಾದ್ದು, ಬಾವೊಬಾಬ್ ಅಂತಾರ. ಕೃಷ್ಣ ಬೀಜ ತಂದು ಹಚ್ಚಿದ ಅಂತ ಅಲ್ಲಿನ ಮಂದಿ ಹೇಳ್ತಾರ, ಎರಡು ಸಾವಿರ ವರ್ಷ ಅಂತಾರ. ಆ ಲೆಕ್ಕಾ ನಾ ಅಷ್ಟು ನಂಬಂಗಿಲ್ಲ, ಆದ್ರ ಬೊಡ್ಡಿ ನೋಡಿದ್ರ ನಂಬಬೇಕು ಅನಸತದ. ಮೂರರೊಳಗ ಒಂದು ಗಿಡ 2023ರ ಮಳ್ಯಾಗ ಉರುಳಿ ಬಿತ್ತು. ಉರುವಲ ಆತು ಅಂತ ಕೊಡ್ಲಿ ತರಲಿಲ್ಲ ಅಲ್ಲಿನ ಮಂದಿ. ಯಂತ್ರ ತರಿಸಿ, ಎತ್ತಿ, ಮತ್ತ ನೆಲಕ್ಕ ಊರಿದ್ರು. ಬಿದ್ದ ಗಿಡಾ ಎತ್ತಿ ನಿಂದ್ರಸೂ ಮಂದಿ ಎಂಬತ್ತು ಕಿಲೋಮೀಟರ್ ಒಳಗ ಇದ್ದಾರ. ನಾವು ನಿಂತದ್ದನ್ನ ಬೀಳೂ ಗಿಡ ಅಂತ ಸಹಿ ಹಾಕ್ತೇವಿ.

ವಾಸ್ತುದವ ಹೇಳ್ಯಾನ ಅನ್ನೂ ಮಾತಿಗೆ ನಾ ಉತ್ತರ ಕೊಡಂಗಿಲ್ಲ. ಆ ಮನಿ ಕಟ್ಟಿದಾಗಿಂದ ಆ ಗಿಡ ಅದ, ಆ ಮನ್ಯಾಗ ಮೂರು ಮದವಿ ಆಗ್ಯಾವ, ಇಬ್ಬರು ಎಂಜಿನಿಯರ್ ಆಗ್ಯಾರ. ದೋಷ ಈಗ ಕಾರ್ ಬಂದ ಮ್ಯಾಲೆ ಕಂಡದ.

ಆಗಬೇಕಾದ್ದು ಹೇಳ್ತೇನಿ. ದಾರಿ ಮ್ಯಾಲೆ, ತಂತಿ ಮ್ಯಾಲೆ ಚಾಚಿದ ಟೊಂಗಿ ತಗಸಬೇಕು, ಅದಕ್ಕ ಬ್ಯಾರೆ ಅರ್ಜಿ ಬರೀಬೇಕು, ಅದಕ್ಕ ನಾ ಸಹಿ ಮಾಡ್ತೇನಿ. ಮಳಿಗಾಲದ ಮೊದಲ ತಗಸಬೇಕು, ಮತ್ತ ತಿಳದವರ ಕಡೆ ತಗಸಬೇಕು; ಲೈಟಿನ ಕಂಬದ ಕೆಲಸಕ್ಕ ಬಂದವರು ತಂತಿಗೆ ಬೇಕಾದಷ್ಟು ಒಂದ ಕಡೆ ಬೋಳಸಿ ಹೋಗಿದ್ದಕ್ಕನ ಅದರ ಭಾರ ಒಂದು ಕಡೆ ಆಗೇದ. ಬುಡದ ಸುತ್ತ ಒಂದು ಮಾರು ಸಿಮೆಂಟ್ ಒಡದು ಮಣ್ಣು ಬಿಡಬೇಕು. ಸೀಳಿದ ಗ್ವಾಡಿ ಆ ಜಾಗಾದಾಗ ಇಷ್ಟು ಬಿಟ್ಟು ಕಟ್ಟಿದ್ರ ಆತು, ಗಿಡ ಕಡದು ಬೇರು ಕೀಳೂ ಖರ್ಚಿಗಿಂತ ಅದು ಕಡಿಮಿ. ಎಲಿ ಹಾಕಲಿಕ್ಕೆ ತೆಗ್ಗು ನಮ್ಮ ಹಿತ್ತಲದಾಗ ತೋಡಸಲಿಕ್ಕೆ ಹತ್ತೇನಿ, ಯಾರು ಬೇಕಾದ್ರೂ ತಂದು ಹಾಕ್ರಿ.

ವೃಕ್ಷ ಅಧಿಕಾರಿಗೆ ನಾ ಆಕ್ಷೇಪಣೆ ಬರದು ಸ್ಥಳಾ ಬಂದು ನೋಡ್ರಿ ಅಂತ ಕೇಳೇನಿ, ಅದರ ಪ್ರತಿ ನಮ್ಮ ಮನ್ಯಾಗ ಅದ. ಸಹಿ ಮಾಡಿದ ಹನ್ನೊಂದು ಮಂದಿಯೊಳಗ ಯಾರಿಗೆರೆ ಅರ್ಜಿ ಪೂರ್ತಿ ಓದದ ಸಹಿ ಮಾಡಿದೆ ಅನಸಿದ್ರ, ಒಂದ ಸಾಲು ಬರದು ವಾಪಸ್ ತೊಗೋಬಹುದು. ಕನಿಷ್ಠ ಮೂರು ಮಂದಿ ಚಸಮಾ ಇಲ್ಲದ ಸಹಿ ಮಾಡೀರಿ ಅಂತ ನನಗ ಗೊತ್ತದ, ಹೆಸರು ಬರಿಯಂಗಿಲ್ಲ.

ಇನ್ನೊಂದು. ಕಾರಹುಣ್ಣಿಮಿ ಹತ್ರ ಬಂತು, ವಟಸಾವಿತ್ರಿ. ಪ್ಯಾಟ್ಯಾಗ ಆಲದ ಟೊಂಗಿ ಸೂಡು ಕಟ್ಟಿ ಮಾರಲಿಕ್ಕೆ ಇಡ್ತಾರ. ನಾವು ಅದನ್ನ ತಂದು, ಚಂಬಿನ್ಯಾಗ ಇಟ್ಟು, ದಾರಾ ಸುತ್ತಿ, ಗಂಡಗ ಆಯುಷ್ಯ ಕೇಳತೇವಿ. ಸಾಯಂಕಾಲಕ್ಕ ಅದು ಬಾಡಿ ಕಸದ ಗಾಡಿಗೆ ಹೋಗ್ತದ. ಊರ ಹೊರಗಿನ ಆಲದ ಗಿಡ ಒಂದೊಂದನ್ನೂ ಆ ವಾರದಾಗ ಹೋಗಿ ನೋಡ್ರಿ, ಕೈಗೆ ಎಟಕೂ ಎತ್ತರದ ತನಕಾ ಬೋಳು. ಬನ್ನಿ ಗಿಡದ ಗತಿ ದಸರಾದಾಗ ಇದ. ಗಿಡದ ಪೂಜಾಕ್ಕ ಗಿಡದ ಕೈ ಮುರಿಯೂದು ಯಾವ ಶಾಸ್ತ್ರದಾಗ ಬರದಾರ? ನಮ್ಮ ಅವ್ವನ ಕಾಲಕ್ಕ ಗಿಡದ ಕಡೆ ಹೋಗ್ತಿದ್ರು, ಗಿಡ ಮನಿಗೆ ಬರ್ತಿದ್ದಿಲ್ಲ. ಈ ಸರತೆ ಟೊಂಗಿ ಕೊಳ್ಳಬ್ಯಾಡ್ರಿ. ಕೆರಿ ದಂಡಿ ಮ್ಯಾಲೆ ಹಣಮಪ್ಪನ ಗುಡಿ ಹಿಂದ ಆಲದ ಗಿಡ ಅದ, ಅಟೋದಾಗ ಹತ್ತು ನಿಮಿಷ. ಮುಂಜಾನೆ ಏಳಕ್ಕ ನಾ ಹೊಂಟೇನಿ, ಅಟೋದಾಗ ಇನ್ನ ಎರಡು ಮಂದಿಗೆ ಜಾಗಾ ಅದ.